ಒಂದಕ್ಕೆ ಆರ್ಡುಯಿನೊ, ಎರಡು ಸಾವಿರಕ್ಕೆ ಯಾವುದು?

ಅಫಜಲಪುರದ ಕಡೆಯ ಕಬ್ಬಿನ ಹೊಲವೊಂದಕ್ಕೆ ನಾನು ಮಾಡಿಕೊಟ್ಟ ಪೆಟ್ಟಿಗೆಯ ಕೆಲಸ ಸರಳವಾಗಿತ್ತು. ತ್ರೀ ಫೇಸ್ ಕರೆಂಟ್ ಬಂದೊಡನೆ ಪಂಪ್‌ಸೆಟ್ ಚಾಲು ಮಾಡಬೇಕು, ಬಾವಿಯ ನೀರು ತಳ ಕಂಡರೆ ನಿಲ್ಲಿಸಬೇಕು. ಅದನ್ನು ನೋಡಿದ ಕಲಬುರಗಿಯ ಮೋಟರ್ ಅಂಗಡಿಯವರೊಬ್ಬರು, ‘ಸರ್, ಎರಡು ಸಾವಿರ ಮಾಡಿದರೆ ಒಂದಕ್ಕೆ ಎಷ್ಟು ಬೀಳುತ್ತದೆ?’ ಎಂದು ಕೇಳಿದರು. ಉತ್ತರ ಹೇಳಲು ಪೆಟ್ಟಿಗೆಯ ಮಿದುಳಾದ ಮೈಕ್ರೊಕಂಟ್ರೋಲರ್ ಚಿಪ್ಪನ್ನು ಮತ್ತೆ ಮೊದಲಿನಿಂದ ಆರಿಸಬೇಕಾಯಿತು.

ಚಿಪ್‌ನ ಹೆಸರಿಗಿಂತ ಮೊದಲು ಕಾಗದ ಬೇಕು. ಮೂರು ಫೇಸ್‌ಗಳ ವೋಲ್ಟೇಜ್ ಅಳೆಯಲು ಮೂರು ಅನಲಾಗ್ ಪಿನ್ (ವೋಲ್ಟೇಜ್ ಎಷ್ಟಿದೆ ಎಂದು ಓದುವ ಚಿಪ್‌ನ ಕಾಲು), ಮೋಟರ್ ಎಳೆಯುವ ಕರೆಂಟ್ ಅಳೆಯಲು ಇನ್ನೊಂದು. ನೀರಿಲ್ಲದೆ ತಿರುಗುವ ಮೋಟರ್ ಕಡಿಮೆ ಕರೆಂಟ್ ಎಳೆಯುತ್ತದೆ, ಬಾವಿ ಬರಿದಾದದ್ದು ಗೊತ್ತಾಗುವುದು ಹಾಗೆ. ಸ್ಟಾರ್ಟರ್‌ನ ಹಸಿರು, ಕೆಂಪು ಗುಂಡಿಗಳ ಕೆಲಸಕ್ಕೆ ಎರಡು ರಿಲೇ, ಅಂದರೆ ಚಿಪ್ ಒತ್ತುವ ಸ್ವಿಚ್. ಪಟ್ಟಿ ಇಷ್ಟೇ. 415 ವೋಲ್ಟ್‌ನ ಜೋಡಣೆಯನ್ನು ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಒಂದೇ ಪೆಟ್ಟಿಗೆಯಾದರೆ ಹೆಚ್ಚು ಯೋಚಿಸಬೇಡಿ, ಆರ್ಡುಯಿನೊ ಊನೊ ಎಂಬ ಸಿದ್ಧ ಬೋರ್ಡ್ ತನ್ನಿ. ಅದರ ಎಟಿಮೆಗಾ328ಪಿ ಚಿಪ್‌ನಲ್ಲಿ ಪ್ರೋಗ್ರಾಂಗೆ 32 ಕಿಲೋಬೈಟ್, ರ್‍ಯಾಮ್ 2 ಕಿಲೋಬೈಟ್, ಅನಲಾಗ್ ಪಿನ್ ಆರು. ಸಾಕೆಟ್‌ನಲ್ಲಿ ಕೂರುವ ಮಾದರಿಯನ್ನೇ ಕೇಳಿ. ಚಿಪ್ ಸುಟ್ಟರೆ ಕಿತ್ತು ಬೇರೆಯದನ್ನು ಒತ್ತಬಹುದು. ಈ ಕೆಲಸಕ್ಕೆ ವೈಫೈ ಇರುವ ಇನ್ನೂ ಬಲವಾದ ಇಎಸ್‌ಪಿ32 ಚಿಪ್ ಬಳಸುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುವವರಿದ್ದಾರೆ. ಒಂದೇ ಗುಬ್ಬಿಯಾದರೆ ಬ್ರಹ್ಮಾಸ್ತ್ರ ಬಿಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದರಲ್ಲಿ ವೈಫೈ ನಡೆಯುತ್ತಿರುವಾಗ ಎಡಿಸಿ2 ಎಂಬ ಅಳೆಯುವ ಘಟಕಕ್ಕೆ ಸೇರಿದ ಅನಲಾಗ್ ಪಿನ್‌ಗಳನ್ನು ನೆಚ್ಚುವಂತಿಲ್ಲ. ಅಷ್ಟಕ್ಕೂ ಕಬ್ಬಿನ ಹೊಲದಲ್ಲಿ ವೈಫೈ ಎಲ್ಲಿಂದ ಬರಬೇಕು?

ಎರಡು ಸಾವಿರದ ಲೆಕ್ಕವೇ ಬೇರೆ. ಚಿಪ್ ಬದಲಿಸಿ ತಲಾ 60 ರೂಪಾಯಿ ಉಳಿಸಿದಿರಿ ಎನ್ನಿ. ಐವತ್ತು ಪೆಟ್ಟಿಗೆಗೆ ಅದು 3,000 ರೂಪಾಯಿ, ಪ್ರೋಗ್ರಾಂ ತಿದ್ದಿ ಬರೆಯುವ ನಿಮ್ಮ ಒಂದು ತಿಂಗಳಿಗೂ ಸಾಲದು. ಎರಡು ಸಾವಿರಕ್ಕೆ 1,20,000. ಆಗ ಸಿಎಚ್32ವಿ003ರಂಥ ಚೀನೀ ಚಿಪ್ ಕಣ್ಣಿಗೆ ಬೀಳುತ್ತದೆ. ಸಗಟಿನಲ್ಲಿ ಸುಮಾರು 10 ಅಮೆರಿಕನ್ ಸೆಂಟ್, ವೇಗ 48 ಮೆಗಾಹರ್ಟ್ಸ್. ಆದರೆ ಪ್ರೋಗ್ರಾಂಗೆ 16 ಕಿಲೋಬೈಟ್ ಮಾತ್ರ, ಸೆಟ್ಟಿಂಗ್ ನೆನಪಿಡುವ ಈಪ್ರಾಮ್ ಇಲ್ಲ. ರೈತರು ಇಟ್ಟ ಸೆಟ್ಟಿಂಗ್ ಕರೆಂಟ್ ಹೋದರೂ ಉಳಿಯಬೇಕಾದರೆ ಪ್ರೋಗ್ರಾಂ ಕೂರುವ ಫ್ಲ್ಯಾಷ್‌ನಲ್ಲೇ ಜಾಗ ಹುಡುಕಬೇಕು. ಅಗ್ಗದ ಚಿಪ್‌ನಲ್ಲಿ ಉಳಿದ ದುಡ್ಡು ಹೀಗೆ ಬೇರೆಡೆ ಸೋರುವುದುಂಟು.

ಬೆಲೆಗಿಂತ ಹೆಚ್ಚಾಗಿ ನಾನು ನೋಡುವುದು ಚಿಪ್ ಸಿಗುತ್ತದೆಯೇ ಎಂಬುದನ್ನು. 2021ರ ಚಿಪ್ ಬರದಲ್ಲಿ ಎಸ್‌ಟಿಎಂ32 ಎಂಬ ಚಿಪ್ ಕುಟುಂಬದ ಜನಪ್ರಿಯ ಮಾದರಿಗಳ ಬೆಲೆ ಹಲವು ಪಟ್ಟು ಏರಿತ್ತು, ಕೆಲವು ಸಿಗುತ್ತಲೇ ಇರಲಿಲ್ಲ. ಆದ್ದರಿಂದ ಅದೇ ಕಾಲುಗಳ ಜೋಡಣೆಯಲ್ಲಿ ಅಣ್ಣ, ತಮ್ಮ ಇರುವ ಚಿಪ್ ಕುಟುಂಬವನ್ನು ಆರಿಸಿ. ಒಂದು ಸಿಗದಿದ್ದರೆ ಇನ್ನೊಂದು ಅದೇ ಬೋರ್ಡ್‌ನಲ್ಲಿ ಕೂರುವಂತಿರಬೇಕು. ಇಷ್ಟು ವರ್ಷ ತಯಾರಿಸುತ್ತೇವೆ ಎಂದು ಕಂಪನಿ ಮಾತು ಕೊಟ್ಟಿದೆಯೇ ಎಂದೂ ನೋಡಿ. ಪ್ರೋಗ್ರಾಂ ತುಂಬಲು ಬೋರ್ಡ್ ಮೇಲೆ ನಾಲ್ಕೈದು ತಾಮ್ರದ ಚುಕ್ಕೆ ಬಿಡುವುದನ್ನು ಮರೆಯಬೇಡಿ. ಎರಡು ಸಾವಿರ ಸಲ ವೈರ್ ಸಿಕ್ಕಿಸಿ ತೆಗೆಯುವ ಕೈಗೆ ಅದರ ಬೆಲೆ ಗೊತ್ತು.

ನನ್ನ ಕೈ ಸುಟ್ಟದ್ದು ಬೇರೆ ಕಡೆ. ಕರೆಂಟ್ ಕುಗ್ಗಿ ಏರುವ ಒಂದು ರಾತ್ರಿ ಆ ಮೊದಲ ಪೆಟ್ಟಿಗೆ ಸ್ತಬ್ಧವಾಗಿ ನಿಂತುಬಿಟ್ಟಿತು, ಮೋಟರ್ ಬೆಳಗಿನವರೆಗೂ ಖಾಲಿ ತಿರುಗಿತು. ವೋಲ್ಟೇಜ್ ಕುಸಿದಾಗ ಚಿಪ್ಪನ್ನು ತಡೆದು ನಿಲ್ಲಿಸುವ ಬ್ರೌನ್‌ಔಟ್ ಮಟ್ಟ ಊನೊದಲ್ಲಿ 2.7 ವೋಲ್ಟ್ ಇರುತ್ತದೆ. ಆದರೆ 16 ಮೆಗಾಹರ್ಟ್ಸ್ ವೇಗದಲ್ಲಿ ಆ ಚಿಪ್‌ಗೆ ಹತ್ತಿರ ಹತ್ತಿರ 4 ವೋಲ್ಟ್ ಬೇಕು. ನಡುವಿನ ಜಾಗದಲ್ಲಿ ಅದು ಏನು ಬೇಕಾದರೂ ಮಾಡಬಹುದು. ಮಟ್ಟವನ್ನು 4.3ಕ್ಕೆ ಏರಿಸಿದೆ, ಪ್ರೋಗ್ರಾಂ ಸಿಕ್ಕಿಬಿದ್ದರೆ ಚಿಪ್ಪನ್ನು ತಾನೇ ಮರುಚಾಲನೆ ಮಾಡುವ ವಾಚ್‌ಡಾಗ್ ಹಚ್ಚಿದೆ. ಒಂದು ಮಾಡಿ ಅಥವಾ ಸಾವಿರ ಮಾಡಿ, ಇವೆರಡೂ ಇಲ್ಲದ ಚಿಪ್ ಹೊಲಕ್ಕೆ ಬೇಡ.

ಕೊನೆಗೆ ಬಿಸಿಲು. ಇಲ್ಲಿನ ಮೇ ತಿಂಗಳಲ್ಲಿ ನೆರಳಲ್ಲೇ 42 ಡಿಗ್ರಿ ದಾಟುತ್ತದೆ, ಕಬ್ಬಿಣದ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. 70 ಡಿಗ್ರಿವರೆಗೆ ತಾಳುವ ಚಿಪ್ ಬಿಟ್ಟು 85 ಡಿಗ್ರಿ ತಾಳುವುದನ್ನೇ ತನ್ನಿ. ಆರಿಸಿದ ಚಿಪ್‌ನ ಹತ್ತು ಬೋರ್ಡ್ ಮಾಡಿ, ಪೆಟ್ಟಿಗೆಯಲ್ಲಿ ಮುಚ್ಚಿ, ಒಂದು ಬೇಸಿಗೆ ಮಾಳಿಗೆಯ ಮೇಲೆ ಚಾಲು ಇಡಿ. ಅಂಗಡಿಯವರಿಗೆ ಬೆಲೆ ಹೇಳುವುದು ಅದಾದ ಮೇಲೆ.