ನೆರಳು ಕೊಟ್ಟ ಮೇಲೆ ಡ್ರಮ್ ಲೆವೆಲ್ ಕಣ್ಣಿಗೆ ಬಿತ್ತು

ಬೆಳಗಾವಿ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಬಾಯ್ಲರ್ ಸ್ಕಾಡಾ ಪರದೆ (ಯಂತ್ರದ ಅಂಕಿಗಳನ್ನು ಆಪರೇಟರಿಗೆ ತೋರಿಸುವ ಕಂಪ್ಯೂಟರ್ ಪರದೆ) ಮಾಡಿಕೊಟ್ಟೆ. ಅಲಾರಂ ಹೊಡೆದರೆ ಎಲ್ಲರಿಗೂ ಗೊತ್ತಾಗುತ್ತದೆ. ನನ್ನ ತಲೆನೋವು ಅದಕ್ಕೂ ಮೊದಲಿನದು. ಆಪರೇಟರ್ ಬಗಾಸ್ ಫೀಡರ್ (ಕಬ್ಬಿನ ಸಿಪ್ಪೆಯನ್ನು ಒಲೆಗೆ ತಳ್ಳುವ ಯಂತ್ರ) ಕಡೆ ಕಣ್ಣು ಹಾಯಿಸಿ ಬರುವಷ್ಟರಲ್ಲಿ ಡ್ರಮ್ ಲೆವೆಲ್, ಅಂದರೆ ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ, 55ರಿಂದ 48ಕ್ಕೆ ಜಾರಿರುತ್ತದೆ. ಅವನಿಗೆ 48 ಕೂಡ ಒಂದು ಅಂಕಿ, ಅಷ್ಟೇ.

ಬದಲಾದ ಅಂಕಿಯನ್ನು ಮಿನುಗಿಸಿ ನೋಡಿದೆ. ಹಂಗಾಮಿನಲ್ಲಿ ಹತ್ತಾರು ಅಂಕಿ ಒಟ್ಟಿಗೆ ಮಿನುಗಿದರೆ ಯಾರು ನೋಡುತ್ತಾರೆ? ಕೆಂಪು-ಹಸಿರು ಮಾಡಿದರೆ ಪಾಳಿಯಲ್ಲಿ ಒಬ್ಬನಿಗೆ ಎರಡೂ ಒಂದೇ. ಅಲ್ಲಿನ ಎಂಜಿನಿಯರ್ ಹಟಕ್ಕೆ ಕನ್ನಡಕದ ತ್ರೀಡಿ ಮಾನಿಟರೂ ಬಂತು, ಹೆಚ್ಚುಕಮ್ಮಿ ನಲವತ್ತು ಸಾವಿರ. ಕಣ್ಣು ನೋವು ಅಂತ ಎರಡನೇ ಪಾಳಿಗೇ ಕನ್ನಡಕ ಡ್ರಾಯರ್ ಸೇರಿತು.

ಕೊನೆಗೆ ಗೆದ್ದದ್ದು ಪುಕ್ಕಟೆ ನೆರಳು. ಬೆಳಕು ಮೇಲಿನಿಂದಲೇ ಬೀಳುತ್ತದೆ ಎಂದು ಕಣ್ಣು ನಂಬಿಕೊಂಡಿರುತ್ತದೆ, ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲೇ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಅಂಕಿ ಇರುವ ಚೌಕದ ಮೇಲಂಚು ತಿಳಿ, ಕೆಳಂಚು ಗಾಢ ಇದ್ದರೆ ಉಬ್ಬು; ತಿರುಗಿಸಿದರೆ ಕುಳಿ. ಲೆವೆಲ್ ಏರಿದರೆ ಚೌಕ ಉಬ್ಬುತ್ತದೆ, ಇಳಿದರೆ ಕುಳಿ ಬೀಳುತ್ತದೆ. ಒಂದೂವರೆ ನಿಮಿಷ ಹಾಗೇ ಇದ್ದು ನಿಧಾನಕ್ಕೆ ಸಮತಟ್ಟಾಗುತ್ತದೆ. ತಡವಾಗಿ ನೋಡಿದವನಿಗೂ ಬದಲಾವಣೆ ಎಷ್ಟು ಹಳತು ಅಂತ ಆಳದಲ್ಲೇ ತಿಳಿಯುತ್ತದೆ. ನೆರಳಿಗೆ ಅಚ್ಚಕಪ್ಪು ಬೇಡ, ಹಿನ್ನೆಲೆಯ ಬೂದು ಬಣ್ಣವನ್ನೇ ಗಾಢ ಮಾಡಿ.

ಇದು ಕೆಲಸ ಮಾಡಲು ಉಳಿದದ್ದೆಲ್ಲ ಚಪ್ಪಟೆ ಇರಬೇಕು. ಹಳೆಯ ಪರದೆಯ ಮಿರಿಮಿರಿ ಟ್ಯಾಂಕು, ಹೊಳೆಯುವ ಪೈಪು ಎಲ್ಲ ಕಿತ್ತೆಸೆದೆ. "ಸಾಹೇಬ್ರ, ಬಣ್ಣಾನ ಹೋತಲ್ರಿ, ಟಿವಿ ಕೆಟ್ಟೈತೇನ್ರಿ?" ಅಂದರು ಹಿರಿಯ ಆಪರೇಟರ್. ಒಂದೇ ಹೊತ್ತಿಗೆ ಮೂರಕ್ಕಿಂತ ಹೆಚ್ಚು ಚೌಕ ಏಳಲು ಬಿಡುವುದಿಲ್ಲ. ಆ ಮೂರನ್ನು ಹೇಗೆ ಆರಿಸುತ್ತೇನೆ ಎಂಬುದನ್ನು ಹೇಳಲಾರೆ, ಹೊಟ್ಟೆಪಾಡು.

ನಡುವೆ ಒಂದು ಹುಚ್ಚು. ನಿನ್ನೆಯ ಮತ್ತು ಇವತ್ತಿನ ವಯರಿಂಗ್ ಪ್ಯಾನೆಲ್ ಫೋಟೊ ಅಕ್ಕಪಕ್ಕ ಇಟ್ಟು, ಮೆಳ್ಳಗಣ್ಣು ಮಾಡಿ ಎರಡೂ ಒಂದೇ ಚಿತ್ರವಾಗಿ ಕಾಣುವಂತೆ ನೋಡಿದೆ. ಜಾಗ ಬದಲಿಸಿದ ವಯರ್ ಮಾತ್ರ ತೇಲಿತು. ಟ್ರೈಪಾಡ್ ಅಲುಗಿದರೆ ಎಲ್ಲವೂ ತೇಲುತ್ತದೆ. ಖಗೋಳಜ್ಞ ಕ್ಲೈಡ್ ಟೊಂಬಾ 1930ರಲ್ಲಿ ಪ್ಲೂಟೊ ಹಿಡಿದದ್ದೂ ಬೇರೆ ಬೇರೆ ರಾತ್ರಿಯ ಫೋಟೊಗಳನ್ನು ಅದಲುಬದಲು ಮಾಡಿ ನೋಡಿಯೇ. ನೀಲಿಯ ಮೇಲೆ ಕೆಂಪು ಅಕ್ಷರವನ್ನೂ ಪರೀಕ್ಷಿಸಿದೆ: ಕೆಲವರಿಗೆ ಮುಂದೆ, ಕೆಲವರಿಗೆ ಹಿಂದೆ ಕಾಣುತ್ತದೆ, ನೆಚ್ಚುವ ಹಾಗಿಲ್ಲ.

ಬಿಲ್ ಮೂವತ್ತು ಸಾವಿರ ಹೇಳಿದ್ದೆ, ಚೌಕಾಶಿ ಮಾಡಿ ಇಪ್ಪತ್ತೆರಡಕ್ಕೆ ಇಳಿಸಿದರು. ಹೋದ ಹಂಗಾಮಿನಲ್ಲಿ ರಾತ್ರಿ ಪಾಳಿಯವರು ನೀರು ಕಮ್ಮಿಯಾದರೆ ಹೊಡೆಯುವ ಲೋ ಅಲಾರಂ ಬರುವ ಮೊದಲೇ ಕುಳಿ ನೋಡಿ, ಡ್ರಮ್ಮಿಗೆ ನೀರು ಬಿಡುವ ಫೀಡ್ ವಾಟರ್ ವಾಲ್ವ್ ಸರಿಮಾಡಿದ್ದಾರೆ, ಅದೂ ಹಲವು ಸಲ. ತ್ರೀಡಿಗೆ ಹಟ ಹಿಡಿದಿದ್ದ ಎಂಜಿನಿಯರೇ ಈಗ ಟರ್ಬೈನ್ ಪರದೆಗೂ ಇದನ್ನೇ ಮಾಡಿಕೊಡಿ ಅನ್ನುತ್ತಿದ್ದಾರೆ. ಈ ಸಲ ಇಪ್ಪತ್ತೆರಡಕ್ಕೆ ಒಪ್ಪುವುದಿಲ್ಲ.