ಬ್ರಿಟನ್ನಿನಲ್ಲಿ ಜೂಜಿನ ಚಟಕ್ಕೆ ಚಿಕಿತ್ಸೆ: ದುಡ್ಡು ಯಾರದು, ಹೋಗಬೇಕಾದದ್ದು ಎಲ್ಲಿಗೆ?

ಬ್ರಿಟನ್ನಿನಲ್ಲಿ 18 ತುಂಬಿದವರು ಬೆಟ್ಟಿಂಗ್ ಮಾಡುವುದು ಅಪರಾಧವಲ್ಲ. ಐಪಿಎಲ್ ಸಮಯದಲ್ಲಿ ಸುಮ್ನೆ ನೋಡೋಣ ಅಂತ ಆ್ಯಪ್ ಹಾಕಿಕೊಂಡವರು ಸಾಲಕ್ಕೆ ಬೀಳಬಹುದು. ಬಿದ್ದ ಮೇಲೆ ಬಾಯಿ ಬಿಡುವುದಿಲ್ಲ. ಊರಿಗೆ ಗೊತ್ತಾದರೆ ಏನು ಗತಿ ಅನ್ನುವ ಭಯ ಒಂದು. ಚಿಕಿತ್ಸೆಗೆ ಎಷ್ಟು ಖರ್ಚಾಗುತ್ತದೋ ಅನ್ನುವುದು ಇನ್ನೊಂದು. ಖರ್ಚಿನ ಭಯವನ್ನಂತೂ ಬಿಟ್ಟುಬಿಡಿ. ಆ ದುಡ್ಡನ್ನು ಜೂಜಿನ ಕಂಪನಿಗಳಿಂದ ಕಾನೂನೇ ವಸೂಲಿ ಮಾಡುತ್ತದೆ.

ಮೊದಲು ಹೀಗಿರಲಿಲ್ಲ. ಕಂಪನಿಗಳು ಏನಾದರೂ ದೇಣಿಗೆ ಕೊಡಬೇಕಿತ್ತು, ಆದರೆ ಎಷ್ಟು ಅನ್ನುವುದು ಅವರಿಷ್ಟ. ಅದರಲ್ಲಿ ಹೆಚ್ಚಿನ ಪಾಲು ಗ್ಯಾಂಬಲ್‌ಅವೇರ್ ಎಂಬ ಸಂಸ್ಥೆಯ ಮೂಲಕ ಹಂಚಿಕೆಯಾಗುತ್ತಿತ್ತು. ನಷ್ಟ ಮಾಡಿದವರೇ ಪರಿಹಾರದ ಮೊತ್ತವನ್ನೂ ನಿರ್ಧರಿಸುವುದು ಯಾವ ನ್ಯಾಯ, ಅಲ್ವಾ? 2025ರ ಏಪ್ರಿಲ್ 6ರಿಂದ ಕಡ್ಡಾಯ ಲೆವಿ, ಅಂದರೆ ಕಂಪನಿಗಳು ಕಟ್ಟಲೇಬೇಕಾದ ಶುಲ್ಕ, ಬಂದಿದೆ. ಜೂಜಿನ ಉದ್ಯಮದ ಮೇಲೆ ಕಣ್ಣಿಡುವ ಗ್ಯಾಂಬ್ಲಿಂಗ್ ಕಮಿಷನ್ ಅದನ್ನು ವಸೂಲಿ ಮಾಡುತ್ತದೆ. ಗೆದ್ದವರಿಗೆ ಕೊಟ್ಟು ಕಂಪನಿಯ ಕೈಯಲ್ಲಿ ಉಳಿಯುವ ಹಣದ ಮೇಲೆ ಲೆಕ್ಕ. ಆನ್‌ಲೈನ್ ಕಂಪನಿಗಳಿಗೆ ಶೇ. 1.1. ಬೀದಿಯ ಬೆಟ್ಟಿಂಗ್ ಅಂಗಡಿ, ಕ್ಯಾಸಿನೊಗಳಿಗೆ ಶೇ. 0.5. ವರ್ಷಕ್ಕೆ ಸುಮಾರು 10 ಕೋಟಿ ಪೌಂಡ್ ಬರಬಹುದು ಎಂಬುದು ಸರ್ಕಾರದ ಅಂದಾಜು. ಅರ್ಧ ಚಿಕಿತ್ಸೆಗೆ, ಶೇ. 30 ತಡೆಗಟ್ಟುವ ಕೆಲಸಕ್ಕೆ, ಶೇ. 20 ಸಂಶೋಧನೆಗೆ. ಇಂಗ್ಲೆಂಡಿನ ಚಿಕಿತ್ಸೆಯ ಪಾಲು ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಕೈಗೆ ಹೋಗುತ್ತದೆ. ಸ್ಕಾಟ್ಲೆಂಡ್, ವೇಲ್ಸ್ ಪಾಲು ಅಲ್ಲಿನ ಸರ್ಕಾರಗಳಿಗೆ. ನನ್ನ ಮಟ್ಟಿಗೆ ಇದರಲ್ಲಿ ಜಾಸ್ತಿ ಮುಖ್ಯವಾದದ್ದು ಮೊತ್ತವಲ್ಲ, ಆ ಹಣದ ಮೇಲೆ ಕಂಪನಿಗಳ ಹಿಡಿತ ತಪ್ಪಿದ್ದು.

ಈಗ ನಿಮಗೆ ಬೇಕಾದ ವಿಷಯಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಜೂಜಿನ ಚಟಕ್ಕೆಂದೇ ಎನ್‌ಎಚ್‌ಎಸ್ ಕ್ಲಿನಿಕ್‌ಗಳಿವೆ. ಮೊದಲನೆಯದು 2008ರಲ್ಲಿ ಲಂಡನ್ನಿನಲ್ಲಿ ತೆರೆಯಿತು. ಈಗ 15 ಇವೆ. ಜಿಪಿ, ಅಂದರೆ ನಿಮ್ಮ ಸ್ಥಳೀಯ ವೈದ್ಯರ, ಚೀಟಿ ಬೇಕಾಗಿಲ್ಲ, ನೀವೇ ನೇರವಾಗಿ ಸಂಪರ್ಕಿಸಬಹುದು. ಮುಖ್ಯವಾಗಿ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಕೊಡುತ್ತಾರೆ. ಅದು ಸಾಲದಿದ್ದರೆ ಕೆಲವರಿಗೆ ನ್ಯಾಲ್ಟ್ರೆಕ್ಸೋನ್ ಮಾತ್ರೆಯನ್ನೂ ಯೋಚಿಸುತ್ತಾರೆ. ವೀಸಾ ಜೊತೆ ಹೆಲ್ತ್ ಸರ್ಚಾರ್ಜ್ ಕಟ್ಟಿ ಬಂದವರಿಗೆ, ವಿದ್ಯಾರ್ಥಿಗಳೂ ಸೇರಿ, ಈ ಸೇವೆ ಸಿಗುತ್ತದೆ. ನಿಮ್ಮ ಆಫೀಸಿಗೆ ಕ್ಲಿನಿಕ್‌ನವರು ಫೋನ್ ಮಾಡಿ ಹೇಳುವುದಿಲ್ಲ.

ಕ್ಲಿನಿಕ್‌ಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲವೇ? ಗ್ಯಾಮ್‌ಕೇರ್ ಎಂಬ ಸೇವಾ ಸಂಸ್ಥೆ ನಡೆಸುವ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿ: 0808 8020 133. ಉಚಿತ, ದಿನದ 24 ಗಂಟೆಯೂ ಇರುತ್ತದೆ. ಆಡುವವರೇ ಕರೆ ಮಾಡಬೇಕೆಂದಿಲ್ಲ. ಗಂಡನ ಸಾಲ ಈಗಷ್ಟೇ ಗೊತ್ತಾದ ಹೆಂಡತಿ, ಮಗನ ಬಗ್ಗೆ ಅನುಮಾನ ಇರುವ ಅಪ್ಪ ಅಮ್ಮ, ರೂಮ್‌ಮೇಟ್ ಕೂಡ ಮಾತಾಡಬಹುದು. ಇದನ್ನು ಒತ್ತಿ ಹೇಳುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಹೆಂಗಸರು ಒಬ್ಬರೇ ಇದನ್ನು ನುಂಗಿಕೊಂಡು ಕೂರುವುದು ಜಾಸ್ತಿ.

ಅದೇ ದಿನ ಮಾಡಬಹುದಾದ ಕೆಲಸ ಎರಡಿವೆ. ಆನ್‌ಲೈನ್ ಜೂಜಿನಿಂದ ನಿಮ್ಮನ್ನು ನೀವೇ ಹೊರಗಿಟ್ಟುಕೊಳ್ಳುವ ವ್ಯವಸ್ಥೆಯಾದ ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ನೋಂದಾಯಿಸಿ. ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ, ಇಲ್ಲಿ ಲೈಸೆನ್ಸ್ ಇರುವ ಯಾವ ಆನ್‌ಲೈನ್ ಕಂಪನಿಯೂ ನಿಮ್ಮನ್ನು ಆಡಲು ಬಿಡುವಂತಿಲ್ಲ. ಆ ಅವಧಿಯ ನಡುವೆ ಮನಸ್ಸು ಬದಲಾಯಿಸಲು ಆಗುವುದಿಲ್ಲ. ನಂತರ ಬ್ಯಾಂಕಿನ ಆ್ಯಪ್‌ನಲ್ಲಿ ಜೂಜಿನ ಪಾವತಿ ತಡೆಯುವ ಗುಂಡಿ ಇದೆಯೇ ನೋಡಿ, ಒತ್ತಿ. ದೊಡ್ಡ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಲೈಸೆನ್ಸ್ ಇಲ್ಲದ ವಿದೇಶಿ ಸೈಟುಗಳಿಗೆ ಗ್ಯಾಮ್‌ಸ್ಟಾಪ್ ಅನ್ವಯಿಸುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರುವ ಬೆಟ್ಟಿಂಗ್ ಲಿಂಕ್‌ಗಳನ್ನು ಅಳಿಸಿಬಿಡಿ, ಕಳಿಸುವ ಗುಂಪಿನಿಂದಲೂ ಹೊರಬನ್ನಿ.

ಇಂಗ್ಲಿಷಿನಲ್ಲಿ ಇಂಥ ವಿಷಯ ಹೇಳಿಕೊಳ್ಳುವುದು ಕಷ್ಟವಾದರೆ, ಮೊದಲ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ದುಭಾಷಿ ಬೇಕು ಎಂದು ಕೇಳಿ. ಎನ್‌ಎಚ್‌ಎಸ್‌ನಲ್ಲಿ ಅದಕ್ಕೆ ರೋಗಿ ದುಡ್ಡು ಕೊಡಬೇಕಾಗಿಲ್ಲ. ಮನೆಯವರನ್ನು ದುಭಾಷಿಯಾಗಿ ಕರೆದುಕೊಂಡು ಹೋಗುವ ಅಗತ್ಯವೂ ಇಲ್ಲ.