ಕಾಗದ ಮಡಚಿ ಪುಟ್ಟ ಸೂಪರ್‌ಕೆಪಾಸಿಟರ್ ಮಾಡುವುದು

ಸೂಪರ್‌ಕೆಪಾಸಿಟರ್ ಅಂದರೆ ಬ್ಯಾಟರಿ ಹಾಗೆ ಚಾರ್ಜ್ ಕೂಡಿಡುವ ಸಾಧನ. ಅದರಲ್ಲಿ ಚಾರ್ಜ್ ಕೂರುವುದು ಕಾರ್ಬನ್ನಿನ ಮೈಮೇಲೆ. ಮೈ ಜಾಸ್ತಿ ಬೇಕು, ಜಾಗ ಕಮ್ಮಿ ಇದೆ ಅಂದರೆ ಮಡಚಬೇಕು, ಅಷ್ಟೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2006ರ ಹೊತ್ತಿಗೆ ಇದನ್ನು ಮೈಕ್ರೋ ಅಳತೆಯಲ್ಲೇ ಮಾಡಿದರು: ಎಸ್‌ಯು-8 ಪಾಲಿಮರ್‌ನ ಹಲಗೆಗಳು, ನಡುವೆ ಚಿನ್ನದ ಕೀಲು. ನಮ್ಮ ಡಿಪ್ಲೊಮಾ ಹುಡುಗರಿಗೆ ನಾನು ಮಾಡಿಸುವುದು ಅದರ ಕಾಗದದ ತಮ್ಮನನ್ನು.

ಜೆರಾಕ್ಸ್ ಹಾಳೆಯಿಂದ 2 ಸೆಂ.ಮೀ. ಅಗಲ, 19 ಸೆಂ.ಮೀ. ಉದ್ದದ ಎರಡು ಪಟ್ಟಿ ಕತ್ತರಿಸಿ. ಒಂದು ತುದಿಯ 3 ಸೆಂ.ಮೀ. ವೈರಿನ ಕ್ಲಿಪ್ಪು ಕಚ್ಚಿಸುವುದಕ್ಕೆ ಬಾಲವಾಗಿ ಬಿಡಿ. ಉಳಿದದ್ದನ್ನು 2 ಸೆಂ.ಮೀ.ಗೊಂದರಂತೆ ಬೀಸಣಿಗೆ ಹಾಗೆ ಮಡಚಿ, ಉಗುರಿನಲ್ಲಿ ಗೀರಿ ಬಿಡಿಸಿ. ಅದೇ ಗೆರೆಗಳನ್ನು ಹಿಂದಕ್ಕೂ ಒಮ್ಮೆ ಮಡಚಿ. ಪೆನ್ಸಿಲ್ ಏನಿದ್ದರೂ ಆಮೇಲೆ. ಮೊದಲೇ ಬಳಿದರೆ ಗ್ರಾಫೈಟ್ ಸರಿಯಾಗಿ ಮಡಿಕೆಯಲ್ಲೇ ಬಿರುಕು ಬಿಡುತ್ತದೆ.

ಈಗ 8ಬಿ ಪೆನ್ಸಿಲ್‌ನಲ್ಲಿ ಒಂದು ಬದಿ ಪೂರ್ತಿ, ಬಾಲ ಸೇರಿ, ಮಿರಮಿರ ಹೊಳೆಯುವವರೆಗೆ ತಿಕ್ಕಿ. ಪ್ರತಿ ಮಡಿಕೆಯ ಆಚೆ ಈಚೆ ಮಲ್ಟಿಮೀಟರ್ ಇಟ್ಟು ನೋಡಿ. ಎಲ್ಲಿ ಓಮ್ ಏಕ್‌ದಂ ಜಿಗಿಯುತ್ತದೋ ಅಲ್ಲಿ ಇನ್ನಷ್ಟು ತಿಕ್ಕಿ. ಈ ಕೆಲಸಕ್ಕೆ ಆತುರ ಬೇಡ. ನಮ್ಮ ಪಟ್ಟಿಯಲ್ಲಿ ಮಡಿಕೆಯೇ ಕೀಲು, ಮಡಿಕೆಗಳ ನಡುವಿನ ಚೌಕವೇ ಹಲಗೆ. ಒಂದು ಕೀಲು ಕೈಕೊಟ್ಟರೆ ಅದರಾಚೆಯ ಹಲಗೆಗಳೆಲ್ಲ ದಂಡ.

ಅಕ್ವೇರಿಯಂ ಅಂಗಡಿಯ ಆಕ್ಟಿವೇಟೆಡ್ ಕಾರ್ಬನ್ ನುಣ್ಣಗೆ ಅರೆಯಿರಿ. ಅದರ ಒಂದು ಗ್ರಾಂಗೆ ಸುಮಾರು 1000 ಚದರ ಮೀಟರ್ ಮೈ ಇರುತ್ತದೆ! ಪೆನ್ಸಿಲ್ ಪುಡಿ, ನೀರು, ಚೂರೇ ಚೂರು ಫೆವಿಕಾಲ್ ಸೇರಿಸಿ. ಅಂಟು ಜಾಸ್ತಿಯಾದರೆ ಕರೆಂಟ್ ಹರಿಯಲ್ಲ. ಹಲಗೆಗಳಿಗೆ ಮಾತ್ರ ಬಳಿಯಿರಿ, ಮಡಿಕೆಯಿಂದ 2 ಮಿ.ಮೀ. ದೂರ. ಒಣಗಲಿ. ಬಾಲದ ಬುಡಕ್ಕೆ ಮೇಣ ಉಜ್ಜಿ ಬಿಸಿ ಚಮಚ ಸವರಿ. ಉಪ್ಪುನೀರು ಕ್ಲಿಪ್ಪಿಗೆ ಏರಬಾರದು, ಅಲ್ವಾ?

ಕಪ್ಪು ಮುಖಗಳು ಎದುರುಬದುರು, ಬಾಲಗಳು ಆ ತುದಿ ಈ ತುದಿ. ನಡುವೆ ಉಪ್ಪುನೀರಲ್ಲಿ ನೆನೆಸಿದ ಟಿಶ್ಯೂ, 3 ಸೆಂ.ಮೀ. ಅಗಲದ್ದು. ಮೂರನ್ನೂ ಒಟ್ಟಿಗೆ ಮಡಚಿ. ನನಗೆ ತುಂಬಾ ಇಷ್ಟವಾದದ್ದು ಇದು: ಹೀಗೆ ಮಡಚಿದಾಗ ಮೇಲಿನ ಪಟ್ಟಿಯ ಬೆನ್ನಿಗೆ ಅದರದೇ ಬೆನ್ನು ತಾಗುತ್ತದೆ, ಕೆಳಗಿನದಕ್ಕೆ ಅದರದೇ. ಹಾಗಾಗಿ ಟಿಶ್ಯೂ ಒಂದೇ ಸಾಕು.

ದಾರ ಸುತ್ತಿ ಓಮ್ ನೋಡಿ. ನಿಧಾನವಾಗಿ ಏರುತ್ತಿದ್ದರೆ ಸರಿ. ಕೆಳಗೇ ಕಚ್ಚಿಕೊಂಡು ನಿಂತರೆ ಎಲ್ಲೋ ಶಾರ್ಟ್ ಆಗಿದೆ, ಅಂಚುಗಳನ್ನು ನೋಡಿ. ಸಪ್ಲೈ 1 ವೋಲ್ಟ್ ದಾಟಿಸಬೇಡಿ, 1.23 ದಾಟಿದರೆ ನೀರೇ ಒಡೆಯಲು ಶುರು. ಒಂದರಿಂದ ಎಲ್‌ಇಡಿ ಉರಿಯಲ್ಲ. ಕೆಂಪು ಎಲ್‌ಇಡಿಗೂ ಸುಮಾರು 1.8 ವೋಲ್ಟ್ ಬೇಕು, ಇಂಥ ಮೂರು ಕೆಪಾಸಿಟರ್‌ಗಳನ್ನು ಸರಣಿಯಲ್ಲಿ ಜೋಡಿಸಿ.